‘ಮನ್ನಾ’ ಎಂಬ ಪದದ ಬಗ್ಗೆ ಒಂದು ತಕರಾರು

ಸಂಪಾದಕರಿಗೆ,

ಮಾನ್ಯರೇ,

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ನಾನು ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಕೂತು ನಿಮ್ಮ ಪತ್ರಿಕೆಯನ್ನು ಫೋನಿನಲ್ಲಿ ಓದುತ್ತೇನೆ. ಅಮೆರಿಕದ ವಿದ್ಯಾರ್ಥಿ ಸಾಲದ ಬಗ್ಗೆ ಈಚೆಗೆ ನೀವು ಪ್ರಕಟಿಸಿದ ಬರಹದಲ್ಲಿ ‘ಸಾಲ ಮನ್ನಾ’ ಎಂಬ ಮಾತು ಆರು ಸಲ ಬಂದಿದೆ. ಎಣಿಸಿಯೇ ಹೇಳುತ್ತಿದ್ದೇನೆ. ಅದಕ್ಕೆ ಪ್ರತಿಕ್ರಿಯೆ ಬರೆದ ಓದುಗರೊಬ್ಬರು, ‘ಓದಿ ಮಜಾ ಮಾಡಿದವರ ಸಾಲವನ್ನು ದುಡಿಯುವ ತೆರಿಗೆದಾರ ಯಾಕೆ ತೀರಿಸಬೇಕು’ ಎಂದು ಕೇಳಿದ್ದಾರೆ. ಆ ಪ್ರಶ್ನೆ ಓದಿದ ದಿನ ನಾನು ಇಳಿಯಬೇಕಾದ ಸ್ಟಾಪ್ ದಾಟಿ ಮುಂದೆ ಹೋಗಿಬಿಟ್ಟಿದ್ದೆ.

ನೀವು ಹೇಳುವ ಆ ‘ಮನ್ನಾ’ ನನಗೂ ಆಗಿದೆ. ಹಾಗಾಗಿ ಬರೆಯುವ ಅಧಿಕಾರ ನನಗೆ ಉಂಟು ಅಂದುಕೊಂಡಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸುತ್ತೇನೆ, ಏಕೆಂದರೆ ನಿಮ್ಮ ಬರಹ ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಗಂಟು ಕಟ್ಟಿದೆ. 2022ರಲ್ಲಿ ಅಧ್ಯಕ್ಷ ಬೈಡನ್, ಒಂದು ಆದಾಯದ ಮಿತಿಯೊಳಗಿನ ಎಲ್ಲರಿಗೂ 10 ಸಾವಿರ ಡಾಲರ್, ಬಡ ವಿದ್ಯಾರ್ಥಿಗಳಿಗೆ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಪಡೆದಿದ್ದವರಿಗೆ 20 ಸಾವಿರ ಡಾಲರ್‌ವರೆಗೆ ಸಾಲ ಬಿಡುತ್ತೇವೆ ಅಂದರು. ಸುಪ್ರೀಂ ಕೋರ್ಟ್ 2023ರ ಜೂನ್ 30ರಂದು ಅದನ್ನು ಹೊಡೆದುಹಾಕಿತು. ಅದರಿಂದ ಒಬ್ಬರಿಗೂ ಒಂದು ಸೆಂಟ್ ಸಿಗಲಿಲ್ಲ. ಅದನ್ನು ಮನ್ನಾ ಅನ್ನಿ, ನನ್ನ ತಕರಾರಿಲ್ಲ. ನನಗೆ ಸಿಕ್ಕಿದ್ದು ಅದಲ್ಲ. ಇಲ್ಲಿ ಅದನ್ನು ‘ಬಾರೋವರ್ ಡಿಫೆನ್ಸ್’ ಅನ್ನುತ್ತಾರೆ. ಕಾಲೇಜು ಸುಳ್ಳು ಹೇಳಿ ಸೇರಿಸಿಕೊಂಡಿದ್ದರೆ, ಆ ಓದಿಗೆ ಮಾಡಿದ ಸರ್ಕಾರಿ ಸಾಲವನ್ನು ಕಟ್ಟಬೇಕಾಗಿಲ್ಲ ಎಂದು ವಾದಿಸುವ ಹಕ್ಕು ಸಾಲಗಾರನಿಗೆ ಇದೆ. 1993ರಿಂದ ಅದು ಕಾನೂನಿನಲ್ಲಿದೆ. ಬೈಡನ್ ತಂದದ್ದಲ್ಲ, ಒಬಾಮಾ ತಂದದ್ದೂ ಅಲ್ಲ. ಇಪ್ಪತ್ತು ವರ್ಷ ಯಾರೂ ಹೆಚ್ಚಾಗಿ ಮುಟ್ಟದೆ ಅದು ಪುಸ್ತಕದಲ್ಲೇ ಮಲಗಿತ್ತು, ಅಷ್ಟೇ.

ಇನ್ನು ನನ್ನ ಕಥೆ.

2009ರಲ್ಲಿ ನಮ್ಮ ಯಜಮಾನರ ಕೆಲಸ ಹೋಯಿತು. ಆ ವರ್ಷ ಇಲ್ಲಿ ಎಷ್ಟೋ ಮನೆಗಳಲ್ಲಿ ಹೋಯಿತು. ನಾನು ಊರಲ್ಲಿ ಬಿ.ಎ. ಮುಗಿಸಿ ಬಂದವಳು, ಇಲ್ಲಿ ಅದನ್ನು ಕೇಳುವವರಿಲ್ಲ. ಮಗಳಿಗೆ ಆಗ ಹತ್ತು ವರ್ಷ. ಒಂದೂವರೆ ವರ್ಷ ಉಳಿತಾಯದಲ್ಲಿ ತಳ್ಳಿದೆವು. ಮಧ್ಯಾಹ್ನ ಟೀವಿಯಲ್ಲಿ ಒಂದು ಖಾಸಗಿ ಕಾಲೇಜಿನ ಜಾಹೀರಾತು ಬರುತ್ತಿತ್ತು: ಒಂಬತ್ತು ತಿಂಗಳಲ್ಲಿ ಮೆಡಿಕಲ್ ಬಿಲ್ಲಿಂಗ್ ಕಲಿಯಿರಿ, ಆಸ್ಪತ್ರೆಯಲ್ಲಿ ಕೆಲಸ ಹಿಡಿಯಿರಿ. ಒಂದು ದಿನ ಫೋನ್ ಮಾಡಿ ಹೆಸರು, ನಂಬರು ಕೊಟ್ಟೆ. ಆಮೇಲೆ ಅವರ ಕರೆ ನಿಲ್ಲಲೇ ಇಲ್ಲ. ಬೆಳಿಗ್ಗೆ ಎರಡು, ಸಂಜೆ ಮೂರು. ಶನಿವಾರವೂ.

ಹೋಗಿ ಕೂತಾಗ ಎದುರಿಗೆ ಬಂದದ್ದು ತುಂಬಾ ಮೃದುವಾಗಿ ಮಾತಾಡುವ ಒಬ್ಬ ಹುಡುಗ. ಅಡ್ಮಿಷನ್ ಕೌನ್ಸೆಲರ್ ಅಂತ ಅವನ ಎದೆಯ ಮೇಲೆ ಹೆಸರಿನ ಪಟ್ಟಿ ಇತ್ತು. ಅವನು ಮೊದಲು ಕೋರ್ಸಿನ ಮಾತೇ ಎತ್ತಲಿಲ್ಲ. ಮನೆಯ ವಿಷಯ ಕೇಳಿದ. ಯಜಮಾನರ ಕೆಲಸ ಹೋದದ್ದನ್ನು ಹೇಳಿದೆ, ಮಗಳ ಬಗ್ಗೆ ಹೇಳಿದೆ. ಆಗ ಅವನು, ‘ಮಗಳು ಸ್ಕೂಲಿಂದ ಬಂದಾಗ ಮನೆಯಲ್ಲಿ ಏನು ನೋಡಬೇಕು ಅಂತ ನಿಮಗೆ ಆಸೆ? ಸೋಫಾ ಮೇಲೆ ಕೂತ ಅಮ್ಮನನ್ನೋ, ಯೂನಿಫಾರಂ ಹಾಕಿದ ಅಮ್ಮನನ್ನೋ?’ ಅಂದ. ನನಗೆ ಕಣ್ಣೀರು ಬಂತು. ಅವನು ಟಿಶ್ಯೂ ಡಬ್ಬಿಯನ್ನು ನನ್ನ ಕಡೆ ಸರಿಸಿದ. ಅದು ಮೊದಲೇ ಮೇಜಿನ ಮೇಲೆ ಇತ್ತು.

ಸೆನೆಟರ್ ಟಾಮ್ ಹಾರ್ಕಿನ್ ಅವರ ಸಮಿತಿ ಎರಡು ವರ್ಷ ತನಿಖೆ ಮಾಡಿ 2012ರಲ್ಲಿ ಲಾಭಕ್ಕಾಗಿ ಕಾಲೇಜು ನಡೆಸುವ ಇಂಥ 30 ಕಂಪನಿಗಳ ಬಗ್ಗೆ ದೊಡ್ಡ ವರದಿ ಕೊಟ್ಟಿತು. ವರ್ಷಗಳ ನಂತರ ಅದರ ಸಾರಾಂಶ ಓದಿದೆ. ಬಂದವರ ನೋವು ಎಲ್ಲಿದೆ ಎಂದು ಹುಡುಕಿ ಅದನ್ನೇ ಒತ್ತುವುದನ್ನು ಭರ್ತಿ ಮಾಡುವ ನೌಕರರಿಗೆ ತರಬೇತಿಯಾಗಿಯೇ ಕಲಿಸುತ್ತಿದ್ದರಂತೆ. ಅದನ್ನು ಓದುವವರೆಗೂ ಆ ಹುಡುಗ ನನ್ನ ಮೇಲೆ ಕನಿಕರಪಟ್ಟಿದ್ದ ಅಂತಲೇ ನಂಬಿದ್ದೆ. ಅದೇ ವರದಿಯ ಲೆಕ್ಕ ನೋಡಿ: ಆ ಕಂಪನಿಗಳು 2009ರ ಹಣಕಾಸು ವರ್ಷದಲ್ಲಿ ಜಾಹೀರಾತು ಮತ್ತು ಭರ್ತಿಗೆ ಖರ್ಚು ಮಾಡಿದ್ದು 420 ಕೋಟಿ ಡಾಲರ್, ಪಾಠ ಹೇಳುವುದಕ್ಕೆ 320 ಕೋಟಿ.

ಅವನು ತನ್ನ ವಿಸಿಟಿಂಗ್ ಕಾರ್ಡಿನ ಹಿಂಬದಿಯಲ್ಲಿ ನೀಲಿ ಪೆನ್ನಿನಲ್ಲಿ ‘22’ ಎಂದು ಬರೆದು ಸುತ್ತಲೂ ಒಂದು ವೃತ್ತ ಎಳೆದ. ಗಂಟೆಗೆ 22 ಡಾಲರ್ ಸಂಬಳ, ಆರಂಭದಲ್ಲೇ. ನಮ್ಮಲ್ಲಿ ಓದಿದ ಹತ್ತರಲ್ಲಿ ಒಂಬತ್ತು ಜನಕ್ಕೆ ಕೆಲಸ ಆಗಿದೆ ಅಂದ. ಆ ಕಾರ್ಡ್ ನನ್ನ ಹತ್ತಿರ ಇನ್ನೂ ಇದೆ.

ಫೀಸು 16,800 ಡಾಲರ್. ನೀವು ಕೈಯಿಂದ ಏನೂ ಕೊಡಬೇಕಾಗಿಲ್ಲ ಅಂದರು. ಅಂದೇ, ಅಲ್ಲೇ, ಅವರ ಕಂಪ್ಯೂಟರಿನಲ್ಲಿ ಫೆಡರಲ್ ನೆರವಿನ ಅರ್ಜಿ ತುಂಬಿಸಿದರು. ನಾನು ಗ್ರೀನ್ ಕಾರ್ಡಿನವಳು, ಹಾಗಾಗಿ ಅರ್ಹಳು. ಸರ್ಕಾರದ ಸಾಲ 9,500. ಪೆಲ್ ಗ್ರಾಂಟ್ 5,550. ಉಳಿದ 1,750 ಡಾಲರನ್ನು ಕಾಲೇಜಿಗೇ ತಿಂಗಳ ಕಂತಿನಲ್ಲಿ. ಎಷ್ಟು ಕಡೆ ಸಹಿ ಹಾಕಿದೆ ಅಂತ ಲೆಕ್ಕ ಇಲ್ಲ. ಆವತ್ತು ನನ್ನ ಮನೆಯಿಂದ ಐದು ಮೈಲಿ ದೂರದ ಸರ್ಕಾರಿ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಯೂನಿಟ್‌ಗೆ, ಅಂದರೆ ಕೋರ್ಸನ್ನು ಅಳೆಯುವ ಒಂದು ಅಂಕಕ್ಕೆ, ಫೀಸು 26 ಡಾಲರ್. ಅದೇ ಬಿಲ್ಲಿಂಗ್ ಸರ್ಟಿಫಿಕೇಟಿಗೆ ಮೂವತ್ತು ಯೂನಿಟ್ ಅಂತಲೇ ಇಟ್ಟುಕೊಳ್ಳಿ, 780 ಡಾಲರ್. ನನಗೆ ಗೊತ್ತಿರಲಿಲ್ಲ. ಕಮ್ಯುನಿಟಿ ಕಾಲೇಜು ಮಧ್ಯಾಹ್ನದ ಟೀವಿಯಲ್ಲಿ ಜಾಹೀರಾತು ಕೊಡುವುದಿಲ್ಲ.

ಪತ್ರ ಬರೆದ ಆ ಓದುಗರು ಇಲ್ಲೊಂದು ಕ್ಷಣ ನಿಲ್ಲಬೇಕು ಅಂತ ಕೇಳಿಕೊಳ್ಳುತ್ತೇನೆ. ಆ 9,500 ಡಾಲರ್ ನನ್ನ ಕೈಗೆ ಬರಲಿಲ್ಲ. ನಾನು ಅದನ್ನು ಕಣ್ಣಲ್ಲೂ ನೋಡಲಿಲ್ಲ. ಸರ್ಕಾರದ ಖಜಾನೆಯಿಂದ ನೇರ ಕಾಲೇಜಿನ ಖಾತೆಗೆ ಹೋಯಿತು. ತೆರಿಗೆದಾರನ ಹಣ ಹೋದದ್ದು ಆ ದಿನವೇ. ಇಂಥ ಕಾಲೇಜು ತನ್ನ ವರಮಾನದಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಸರ್ಕಾರದ ನೆರವಿನಿಂದಲೇ ಪಡೆಯಬಹುದು ಅಂತ ಇಲ್ಲಿ ನಿಯಮವೇ ಇದೆ. ಅದರ ಮೇಲೆ ನಿವೃತ್ತ ಸೈನಿಕರ ಓದಿಗೆ ಕೊಡುವ ಹಣ ಆ ತೊಂಬತ್ತರ ಲೆಕ್ಕಕ್ಕೇ ಬರುತ್ತಿರಲಿಲ್ಲ. ಹಾಗಾಗಿ ಈ ಕಾಲೇಜಿನವರು ಸೈನಿಕರ ಬೆನ್ನು ಬೀಳುತ್ತಿದ್ದರು. ಆ ಕಿಂಡಿ ಮುಚ್ಚುವ ಕಾನೂನು ಆದದ್ದು 2021ರಲ್ಲಿ.

2011ರ ಜನವರಿಯಲ್ಲಿ ಕ್ಲಾಸು ಶುರುವಾಯಿತು. ಆಸ್ಪತ್ರೆಯವರು ಹಾಕುವಂಥ ನೇರಳೆ ಬಣ್ಣದ ಉಡುಪು, ಸ್ಕ್ರಬ್ಸ್, ಕೊಟ್ಟರು, ಅದಕ್ಕೂ ದುಡ್ಡು. ಬಿಲ್ಲಿಂಗಿನಲ್ಲಿ ಸಿಪಿಟಿ ಅಂತ ಸಂಕೇತಗಳ ಪುಸ್ತಕ ಇರುತ್ತದೆ, ಡಾಕ್ಟರು ಮಾಡಿದ ಪ್ರತಿ ಕೆಲಸಕ್ಕೂ ಒಂದು ಸಂಖ್ಯೆ. ಆ ಸಂಖ್ಯೆಗಳು ಪ್ರತಿ ವರ್ಷ ಬದಲಾಗುತ್ತವೆ. ಹಳೆಯ ಸಂಖ್ಯೆ ಹಾಕಿದರೆ ವಿಮೆಯವರು ಬಿಲ್ಲನ್ನು ವಾಪಸ್ ಕಳಿಸುತ್ತಾರೆ. ನಮಗೆ ಕೊಟ್ಟದ್ದು 2007ರ ಪುಸ್ತಕ, ಅದೂ ಇಬ್ಬರಿಗೆ ಒಂದು. ಒಂಬತ್ತು ತಿಂಗಳಲ್ಲಿ ಮೂವರು ಟೀಚರ್‌ಗಳು ಬದಲಾದರು. ಎರಡನೆಯವರು ಒಳ್ಳೆಯವರು. ಅವರೇ ಒಂದು ದಿನ ಕ್ಲಾಸು ಮುಗಿದ ಮೇಲೆ ನನ್ನನ್ನು ನಿಲ್ಲಿಸಿ, ‘ಈ ಪುಸ್ತಕ ನಂಬಿಕೊಂಡು ಕೆಲಸಕ್ಕೆ ಹೋಗಬೇಡಿ’ ಅಂದರು. ಮುಂದಿನ ತಿಂಗಳು ಅವರು ಇರಲಿಲ್ಲ. ಕೊನೆಯ ಆರು ವಾರ ಕ್ಲಿನಿಕ್ಕಿನಲ್ಲಿ ತರಬೇತಿ ಅಂತ ಕಳಿಸಿದರು. ಅಲ್ಲಿ ನಾನು ಮಾಡಿದ್ದು ಹಳೆಯ ಫೈಲುಗಳನ್ನು ಪೆಟ್ಟಿಗೆಗೆ ತುಂಬಿ ಟೇಪು ಸುತ್ತುವ ಕೆಲಸ.

ಕೆಲಸ ಸಿಗಲಿಲ್ಲ. ಹದಿನೇಳು ಕಡೆ ಅರ್ಜಿ ಹಾಕಿದೆ. ಒಬ್ಬರು ಮುಖಕ್ಕೇ ಹೇಳಿದರು, ಆ ಕಾಲೇಜಿನವರನ್ನು ನಾವು ತೆಗೆದುಕೊಳ್ಳುವುದಿಲ್ಲ ಅಂತ. ಕೊನೆಗೆ ಒಂದು ಔಷಧಿ ಅಂಗಡಿಯ ಕೌಂಟರಿನಲ್ಲಿ ಗಂಟೆಗೆ ಎಂಟೂವರೆ ಡಾಲರಿಗೆ ನಿಂತೆ. ಎರಡು ತಿಂಗಳಾದ ಮೇಲೆ ಕಾಲೇಜಿನ ಪ್ಲೇಸ್‌ಮೆಂಟ್ ಕಚೇರಿಯಿಂದ ಫೋನ್ ಬಂತು. ‘ಔಷಧಿ ಅಂಗಡಿ ಅಂದರೆ ಆರೋಗ್ಯ ಕ್ಷೇತ್ರವೇ ತಾನೇ, ಕಲಿತ ವಿದ್ಯೆಗೆ ತಕ್ಕ ಕೆಲಸ ಸಿಕ್ಕಿದೆ ಅಂತ ಒಂದು ಫಾರಂಗೆ ಸಹಿ ಹಾಕಿ’ ಅಂದರು. ನಾನು ಹಾಕಿದೆ, ಸಂಪಾದಕರೇ. ಇದನ್ನು ಮುಚ್ಚಿಡಬಾರದು ಅಂತ ಹೇಳುತ್ತಿದ್ದೇನೆ. ಚೂಯಿಂಗ್ ಗಮ್ಮಿಗೆ ಬಿಲ್ಲು ಹಾಕುವ ನಾನೂ ಆವತ್ತಿನಿಂದ ‘ಹತ್ತರಲ್ಲಿ ಒಂಬತ್ತು’ ಜನರಲ್ಲಿ ಒಬ್ಬಳಾದೆ. ಮುಂದೆ ಬಂದ ಇನ್ನೊಬ್ಬ ತಾಯಿಗೆ ಅದೇ ಅಂಕಿ ತೋರಿಸಿರುತ್ತಾರೆ.

ಇದು ನನ್ನ ಕಾಲೇಜೊಂದರ ಚಾಳಿ ಆಗಿದ್ದರೆ ಪತ್ರಿಕೆಗೆ ಬರೆಯುವ ಮಾತಿರಲಿಲ್ಲ. ಕೊರಿಂಥಿಯನ್ ಕಾಲೇಜಸ್ ಎಂಬ ದೊಡ್ಡ ಕಂಪನಿಯ ಮೇಲೆ ಗ್ರಾಹಕ ಹಣಕಾಸು ರಕ್ಷಣೆಯ ಸರ್ಕಾರಿ ಸಂಸ್ಥೆ 2014ರಲ್ಲಿ ದಾವೆ ಹೂಡಿದಾಗ, ಒಂದೇ ದಿನ ನಡೆದು ಎರಡನೇ ದಿನದ ಭರವಸೆ ಇರುವ ಕೆಲಸವನ್ನೂ ‘ವೃತ್ತಿ’ ಎಂದು ಲೆಕ್ಕ ಹಾಕುತ್ತಿದ್ದರು ಅಂತ ಆರೋಪಿಸಿತು. ಆಗ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಆಗಿದ್ದ ಕಮಲಾ ಹ್ಯಾರಿಸ್ 2013ರಲ್ಲೇ ಅದರ ಮೇಲೆ ಮೊಕದ್ದಮೆ ಹಾಕಿದ್ದರು. 2015ರ ಏಪ್ರಿಲ್‌ನಲ್ಲಿ ಕೊರಿಂಥಿಯನ್ ಬಾಗಿಲು ಮುಚ್ಚಿತು. 2016ರಲ್ಲಿ ಕೋರ್ಟು 110 ಕೋಟಿ ಡಾಲರಿಗೂ ಹೆಚ್ಚಿನ ತೀರ್ಪು ಕೊಟ್ಟಿತು. ಕೊಡುವವರು ದಿವಾಳಿ ಎದ್ದಿದ್ದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಐಟಿಟಿ ಟೆಕ್ ಎಂಬ ಇನ್ನೊಂದು ಕಾಲೇಜು ಕೂಡ ರಾತ್ರಿ ಬೆಳಗಾಗುವುದರಲ್ಲಿ ಮುಚ್ಚಿತು. ಇವೆರಡಕ್ಕೂ ಮಾನ್ಯತೆಯ ಮುದ್ರೆ ಒತ್ತಿದವರಲ್ಲಿ ಎಸಿಐಸಿಎಸ್ ಎಂಬ ಮಂಡಳಿ ಇತ್ತು. ಆ ಮುದ್ರೆ ನೋಡಿಯೇ ಸರ್ಕಾರ ಸಾಲ ಕೊಡುತ್ತಿತ್ತು. ನನ್ನಂಥವರು ನಂಬಿದ್ದು ಜಾಹೀರಾತನ್ನು ಮಾತ್ರ ಅಲ್ಲ, ಸರ್ಕಾರವೇ ಸಾಲ ಕೊಡುತ್ತಿದೆ ಅಂದಮೇಲೆ ಕಾಲೇಜು ಸರಿಯಾಗಿಯೇ ಇರಬೇಕು ಅಂತ ನಂಬಿದೆವು.

ಸಾಲ ಕಟ್ಟಲಾಗದೆ 2014ರಲ್ಲಿ ನಾನು ಸುಸ್ತಿದಾರಳಾದೆ. ಇಲ್ಲಿ ವಿದ್ಯಾರ್ಥಿ ಸಾಲಕ್ಕೆ ದಿವಾಳಿ ಘೋಷಿಸಿಕೊಂಡು ಪಾರಾಗುವುದು ಬಹಳ ಕಷ್ಟ, ಕ್ರೆಡಿಟ್ ಕಾರ್ಡಿನ ಸಾಲದ ಹಾಗಲ್ಲ. ವಸೂಲಿಗೆ ಸರ್ಕಾರ ಕೋರ್ಟಿಗೆ ಹೋಗಬೇಕಾಗೂ ಇಲ್ಲ. ಕೈಗೆ ಬರುವ ಸಂಬಳದಲ್ಲಿ ನೂರಕ್ಕೆ ಹದಿನೈದರವರೆಗೆ ನೇರವಾಗಿ ಹಿಡಿದುಕೊಳ್ಳಬಹುದು, ವಾಪಸ್ ಬರಬೇಕಾದ ತೆರಿಗೆಯನ್ನು ಪೂರ್ತಿ ಹಿಡಿಯಬಹುದು. 2015ರಲ್ಲಿ ನಮ್ಮಿಬ್ಬರ ಜಂಟಿ ತೆರಿಗೆಯ ರಿಫಂಡ್ ಹೋಯಿತು. ಅದರಲ್ಲಿ ಯಜಮಾನರ ದುಡಿಮೆಯ ಪಾಲೂ ಇತ್ತು. ಅವರು ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ನನಗೆ ಕಷ್ಟವಾಯಿತು. ಮುಂದಿನ ವರ್ಷ ಸಂಬಳದಲ್ಲಿ ಹಿಡಿಯುವುದು ಶುರುವಾದಾಗ ಅಂಗಡಿಯ ಮ್ಯಾನೇಜರ್ ಆ ನೋಟಿಸನ್ನು ನನ್ನ ಕೈಗೆ ಕೊಟ್ಟದ್ದು ಸ್ಟೋರ್ ರೂಮಿನಲ್ಲಿ, ಬಾಗಿಲು ಹಾಕಿಕೊಂಡು. ಮರ್ಯಾದಸ್ಥ ಮನುಷ್ಯ.

2017ರ ವಸಂತದಲ್ಲಿ ನಮ್ಮ ಲೈಬ್ರರಿಯಲ್ಲಿ ಉಚಿತ ಕಾನೂನು ಸಲಹೆಯ ಶಿಬಿರ ನಡೆಯಿತು. ಅಲ್ಲಿಯೇ ಮೊದಲ ಸಲ ಬಾರೋವರ್ ಡಿಫೆನ್ಸ್ ಎಂಬ ಮಾತು ಕೇಳಿದ್ದು. ಮಗಳಿಗೆ ಆಗ ಹದಿನೆಂಟು. ಅವಳೇ ಪಕ್ಕ ಕೂತು ಅರ್ಜಿ ತುಂಬಿಸಿದಳು. ‘ನಿಮಗೆ ಏನು ಹೇಳಿದರು, ಅದು ಹೇಗೆ ಸುಳ್ಳು’ ಎಂಬ ಜಾಗಕ್ಕೆ ಬಂದಾಗ ನಾನು ಬರೆಯಲಾರದೆ ಕೂತೆ. ಸಾಲ ಮಾಡಿದವಳು ನಾನು, ಸಹಿ ನನ್ನದು, ಈಗ ಕಟ್ಟಲಾರೆ ಅಂತ ಬರೆಯಲು ಕೈ ಬರಲಿಲ್ಲ. ಮಗಳು, ‘ಅಮ್ಮಾ, ನೀನು ಯಾರ ಸಾಲಾನೂ ತಿಂದಿಲ್ಲ. ನಿನ್ನ ಹೆಸರಲ್ಲಿ ಅವರು ತಿಂದಿದ್ದಾರೆ. ಆ ಕಾರ್ಡ್ ತಗೊಂಡು ಬಾ’ ಅಂದಳು. ಕಾರ್ಡಿನ ಎರಡೂ ಬದಿಯ ಫೋಟೋ ಸೇರಿಸಿ ಕಳಿಸಿದೆವು. ಅರ್ಜಿ ಹಾಕಿದ್ದರಿಂದ ಸಂಬಳ ಹಿಡಿಯುವುದು ನಿಂತಿತು. ಬಡ್ಡಿ ಬೆಳೆಯುವುದು ನಿಲ್ಲಲಿಲ್ಲ.

ಆಮೇಲೆ ಮೂರು ವರ್ಷ ಉತ್ತರವೇ ಇಲ್ಲ. ಆಗಿನ ಶಿಕ್ಷಣ ಕಾರ್ಯದರ್ಶಿ ಬೆಟ್ಸಿ ಡೆವೋಸ್ ಅವರ ಇಲಾಖೆ 2018ರ ಜೂನ್‌ನಿಂದ 2019ರ ಡಿಸೆಂಬರ್‌ವರೆಗೆ ಇಂಥ ಒಂದು ಅರ್ಜಿಯನ್ನೂ ಇತ್ಯರ್ಥ ಮಾಡಲಿಲ್ಲ. ಲಕ್ಷದ ಅರುವತ್ತು ಸಾವಿರಕ್ಕೂ ಹೆಚ್ಚು ಅರ್ಜಿಗಳು ರಾಶಿ ಬಿದ್ದಿದ್ದವು. ಅದೇ ಹೊತ್ತಿಗೆ, ವಸೂಲಿ ನಿಲ್ಲಿಸಿ ಎಂದು ಕೋರ್ಟು ಹೇಳಿದ ಮೇಲೂ ಕೊರಿಂಥಿಯನ್ ವಿದ್ಯಾರ್ಥಿಗಳಿಂದ ವಸೂಲಿ ನಡೆಯಿತು. 2019ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ನಿಂದನೆ ಎಂದು ಇಲಾಖೆಗೆ ಒಂದು ಲಕ್ಷ ಡಾಲರ್ ದಂಡ ಬಿತ್ತು. ಆ ವರ್ಷದ ಜೂನ್‌ನಲ್ಲೇ ನನ್ನಂಥ ಏಳು ಜನ ಸೇರಿ ಸ್ಯಾನ್ ಫ್ರಾನ್ಸಿಸ್ಕೋದ ಫೆಡರಲ್ ಕೋರ್ಟಿನಲ್ಲಿ ಇಲಾಖೆಯ ಮೇಲೆ ದಾವೆ ಹೂಡಿದ್ದರು. ಅವರು ಸಾಲ ಬಿಡಿ ಅಂತ ಕೇಳಲಿಲ್ಲ. ಹೌದೋ ಅಲ್ಲವೋ, ಒಂದು ಉತ್ತರ ಕೊಡಿ ಅಂತ ಕೇಳಿದರು. ಅವರಲ್ಲೊಬ್ಬರ ಹೆಸರಿನಿಂದ ಅದನ್ನು ಸ್ವೀಟ್ ಮೊಕದ್ದಮೆ ಅನ್ನುತ್ತಾರೆ.

ನನಗೆ ಉತ್ತರ ಬಂದದ್ದು 2020ರ ಜುಲೈನಲ್ಲಿ, ಇಮೇಲಿನಲ್ಲಿ. ಆರೋಪ ಒಂದು: ಉದ್ಯೋಗದ ಭರವಸೆ. ಸಾಕ್ಷ್ಯ ಸಾಲದು. ಆರೋಪ ಎರಡು: ಬೋಧನೆಯ ಗುಣಮಟ್ಟ. ಸಾಕ್ಷ್ಯ ಸಾಲದು. ಕಾರ್ಡಿನ ಬಗ್ಗೆ ಒಂದು ಅಕ್ಷರ ಇರಲಿಲ್ಲ. ಅದನ್ನು ಯಾರಾದರೂ ತೆರೆದು ನೋಡಿದರೋ ಇಲ್ಲವೋ ಅಂತ ನಾನು ಎಷ್ಟೋ ರಾತ್ರಿ ಯೋಚನೆ ಮಾಡಿದ್ದೇನೆ. ಆಮೇಲೆ ತಿಳಿಯಿತು, ಸಾವಿರಾರು ಜನಕ್ಕೆ ಇದೇ ಅಚ್ಚಿನ ಪತ್ರ ಹೋಗಿತ್ತು. ಆ ಅವಧಿಯಲ್ಲಿ ತೀರ್ಮಾನವಾದ ಅರ್ಜಿಗಳಲ್ಲಿ ನೂರಕ್ಕೆ 94 ತಿರಸ್ಕೃತ. ಸ್ವೀಟ್ ಮೊಕದ್ದಮೆಯ ನ್ಯಾಯಾಧೀಶ ವಿಲಿಯಂ ಆಲ್ಸಪ್ ಅದನ್ನು ನೋಡಿ, ಅಲ್ಲಿಯವರೆಗೆ ಆಗಿದ್ದ ರಾಜಿಯನ್ನು ಆ ಅಕ್ಟೋಬರ್‌ನಲ್ಲಿ ಒಪ್ಪದೆ ಪ್ರಕರಣವನ್ನು ಮುಂದುವರಿಸಿದರು. ನಾನು ಆ ಕೋರ್ಟಿನ ಒಳಗೆ ಕಾಲಿಟ್ಟವಳಲ್ಲ. ಆದರೂ ಆ ದಿನ ಯಾರೋ ನನ್ನ ಮಾತು ಕೇಳಿದರು ಅನ್ನಿಸಿತು.

2022ರ ನವೆಂಬರ್‌ನಲ್ಲಿ ಹೊಸ ರಾಜಿಗೆ ಕೋರ್ಟಿನ ಒಪ್ಪಿಗೆ ಸಿಕ್ಕಿತು. 151 ಕಾಲೇಜುಗಳ ಪಟ್ಟಿ, ಸುಮಾರು ಎರಡು ಲಕ್ಷ ಜನ, ಸುಮಾರು 600 ಕೋಟಿ ಡಾಲರ್. ಅದನ್ನು ತಡೆಯಿರಿ ಅಂತ ಮೂರು ಕಾಲೇಜು ಸಂಸ್ಥೆಗಳು ಸುಪ್ರೀಂ ಕೋರ್ಟಿನವರೆಗೆ ಹೋದವು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಡಲಿಲ್ಲ. ಗಮನಿಸಿ, ಎರಡೇ ತಿಂಗಳ ನಂತರ ಬೈಡನ್ ಯೋಜನೆಯನ್ನು ಹೊಡೆದುಹಾಕಿದ ಅದೇ ಕೋರ್ಟು. ಎರಡೂ ಒಂದೇ ಅಂತ ನಿಮ್ಮ ಬರಹ ಹೇಳುತ್ತದೆ.

ನನ್ನ ಕಾಲೇಜು ಆ ಪಟ್ಟಿಯಲ್ಲಿತ್ತು. 2023ರ ಅಕ್ಟೋಬರ್‌ನಲ್ಲಿ ನನ್ನ ಸಾಲದ ಖಾತೆಯಲ್ಲಿ 12,640 ಡಾಲರ್ ಇದ್ದ ಜಾಗದಲ್ಲಿ ಸೊನ್ನೆ ಬಂತು. ಒಂಬತ್ತೂವರೆ ಸಾವಿರದ ಸಾಲ, ಹಿಡಿದದ್ದೆಲ್ಲ ಹಿಡಿದ ಮೇಲೂ ಅಷ್ಟಾಗಿತ್ತು. ಡಿಸೆಂಬರ್‌ನಲ್ಲಿ ಖಜಾನೆಯಿಂದ 4,118 ಡಾಲರಿನ ಚೆಕ್ ಬಂತು, ನನ್ನ ಸಂಬಳದಿಂದ, ನಮ್ಮ ತೆರಿಗೆಯಿಂದ ಹಿಡಿದಿದ್ದ ಹಣ. ಯಜಮಾನರು ಚೆಕ್ಕನ್ನು ಬೆಳಕಿಗೆ ಹಿಡಿದು ನೋಡಿದರು. ಊಟದ ಮೇಜಿನ ಮೇಲೆ ಎರಡು ದಿನ ಅದು ಹಾಗೇ ಇತ್ತು.

ಕದ್ದ ಮಾಲು ಸಿಕ್ಕಾಗ ಪೊಲೀಸರು ಮನೆಯವರಿಗೆ ವಾಪಸ್ ಕೊಡುತ್ತಾರೆ. ಅದನ್ನು ದಾನ ಅನ್ನುತ್ತೇವೆಯೇ? ನಮ್ಮ ಮಾತಿನಲ್ಲಿ ಮನ್ನಾ ಅಂದರೆ, ಕೊಡಬೇಕಾದದ್ದು ನಿಜ, ಆದರೆ ನಿನ್ನ ಕಷ್ಟ ನೋಡಿ ಬಿಟ್ಟಿದ್ದೇವೆ ಅಂತ. ನಾನು ಕೊಡಬೇಕಾದದ್ದು ನಿಜವೇ ಆಗಿರಲಿಲ್ಲ. 2022ರ ಜೂನ್‌ನಲ್ಲಿ ಕೊರಿಂಥಿಯನ್ನಿನ 5.6 ಲಕ್ಷ ಜನಕ್ಕೆ 580 ಕೋಟಿ ಡಾಲರ್, ಆಗಸ್ಟ್‌ನಲ್ಲಿ ಐಟಿಟಿಯ 2.08 ಲಕ್ಷ ಜನಕ್ಕೆ 390 ಕೋಟಿ, 2024ರ ಮೇ ತಿಂಗಳಲ್ಲಿ ಆರ್ಟ್ ಇನ್‌ಸ್ಟಿಟ್ಯೂಟ್ ಎಂಬ ಕಾಲೇಜುಗಳ 3.17 ಲಕ್ಷ ಜನಕ್ಕೆ 610 ಕೋಟಿ. ಅಂಕಿ ದೊಡ್ಡದು, ಒಪ್ಪುತ್ತೇನೆ. ಮೋಸ ಅಷ್ಟು ದೊಡ್ಡದಿತ್ತು. ಮತ್ತೆ ಕಳೆದುಹೋದ ಎಲ್ಲವೂ ಆ ಅಂಕಿಯಲ್ಲಿಲ್ಲ. ನನ್ನ ಪೆಲ್ ಗ್ರಾಂಟಿನ ಒಂದು ವರ್ಷ ಸುಮ್ಮನೆ ಕರಗಿತು. ಆ ಕಾಲೇಜಿನ ಒಂದು ಯೂನಿಟ್ಟನ್ನೂ ಕಮ್ಯುನಿಟಿ ಕಾಲೇಜು ಒಪ್ಪಲಿಲ್ಲ. ಮೊದಲಿನಿಂದ ಶುರು ಮಾಡಿ, ಯೂನಿಟ್‌ಗೆ 46 ಡಾಲರ್ ಕೊಟ್ಟು, ಸಂಜೆ ಕ್ಲಾಸಿನಲ್ಲಿ ಅದೇ ಬಿಲ್ಲಿಂಗನ್ನು ನಿಜವಾಗಿ ಕಲಿತೆ. ಈಗ ಒಂದು ಕ್ಲಿನಿಕ್ಕಿನಲ್ಲಿ ಬಿಲ್ಲಿಂಗ್ ಕೆಲಸದಲ್ಲಿದ್ದೇನೆ. ಆ ವರ್ಷಗಳ ಕ್ರೆಡಿಟ್ ದಾಖಲೆಯಿಂದಾಗಿ ನಾವು ಮನೆ ಕೊಳ್ಳಲಾಗಲಿಲ್ಲ. ಅದಕ್ಕೆ ಯಾರೂ ಚೆಕ್ ಬರೆಯುವುದಿಲ್ಲ.

ಇಷ್ಟೇ ಆಗಿದ್ದರೆ ಈ ಪತ್ರ ಬರೆಯುತ್ತಿದ್ದೆನೋ ಇಲ್ಲವೋ. ಬರೆಯಿಸಿದ್ದು ಬೇರೆ.

ಇಲ್ಲಿನ ಕನ್ನಡದವರ ನಡುವೆ ನಮಗೆ ಹಳೆಯ ಪರಿಚಯದ ಹಿರಿಯರೊಬ್ಬರಿದ್ದಾರೆ. ಯುಗಾದಿ, ರಾಜ್ಯೋತ್ಸವದಲ್ಲಿ ಪಕ್ಕದಲ್ಲಿ ಕೂತು ಊಟ ಮಾಡಿದ್ದೇವೆ. ಅವರ ಮಗ ಗೇಮ್ ಡಿಸೈನ್ ಕಲಿಯಲು ಇಂಥದೇ ಒಂದು ಕಾಲೇಜಿಗೆ ಸೇರಿ, ನಡುವೆ ಬಿಟ್ಟ. ಅದಕ್ಕೆ ಅಪ್ಪ ತಮ್ಮ ಹೆಸರಿನಲ್ಲಿ ಪೇರೆಂಟ್ ಪ್ಲಸ್ ಸಾಲ, ಅಂದರೆ ಮಕ್ಕಳ ಓದಿಗೆ ಸರ್ಕಾರ ಪೋಷಕರಿಗೆ ಕೊಡುವ ಸಾಲ, ಮಾಡಿದ್ದರು, ನಲವತ್ತೊಂದು ಸಾವಿರ ಡಾಲರ್. ಹನ್ನೆರಡು ವರ್ಷದಿಂದ ಕಟ್ಟುತ್ತಿದ್ದಾರೆ. ಅದನ್ನು ನಾನು ತಿಳಿದದ್ದು ಕಳೆದ ವರ್ಷ, ಅವರು ನಿವೃತ್ತಿಯನ್ನು ಮುಂದೆ ಹಾಕಿದ್ದು ಯಾಕೆ ಅಂತ ಯಜಮಾನರು ಕೇಳಿದಾಗ. ಕಾಲೇಜಿನ ಹೆಸರು ಕೇಳಿ ಮನೆಗೆ ಬಂದು 151ರ ಪಟ್ಟಿ ತೆಗೆದೆ. ಇತ್ತು.

2022ರ ಜೂನ್ 22ರ ಒಳಗೆ ಅವರು ಅರ್ಜಿ ಹಾಕಿದ್ದರೆ ನನ್ನ ಹಾಗೆಯೇ ಅವರ ಸಾಲವೂ ಪೂರ್ತಿ ಹೋಗುತ್ತಿತ್ತು. ಅದೇ ನವೆಂಬರ್ 15ರ ಒಳಗೆ ಹಾಕಿದ್ದರೂ ಮೂರು ವರ್ಷದೊಳಗೆ ಉತ್ತರ ಕೊಡುವ ಗಡುವಾದರೂ ಇರುತ್ತಿತ್ತು. ಅವರು ಹಾಕಿರಲಿಲ್ಲ. ಮಗನ ಓದು ಕೆಟ್ಟದ್ದನ್ನು ನಾಲ್ಕು ಜನಕ್ಕೆ ಹೇಳುವುದು ಹೇಗೆ ಅಂತ ಅವರು ಸುಮ್ಮನಿದ್ದರು. ಅದೇ ಐದು ವರ್ಷ ನಾನು ಅವರ ಪಕ್ಕದಲ್ಲೇ ಕೂತು ಊಟ ಮಾಡುತ್ತಿದ್ದೆ. ನನ್ನ ಅರ್ಜಿಯ ವಿಷಯ ನಾನೂ ಬಾಯಿ ಬಿಟ್ಟಿರಲಿಲ್ಲ. ಸಾಲ ತೀರಿಸದವಳು ಅಂದುಕೊಂಡಾರು ಅಂತ ಹೆದರಿದ್ದೆ. ನಿಮ್ಮ ‘ಮನ್ನಾ’ ಎಂಬ ಪದ ಮಾಡುವ ಕೆಲಸ ಇದು, ಸಂಪಾದಕರೇ. ಅದು ಮೋಸ ಹೋದವರ ಬಾಯಿ ಮುಚ್ಚಿಸುತ್ತದೆ.

ಅವರ ಮನೆಗೆ ಹೋದೆ. ಕಾಲೇಜಿನವರು ಕೊಟ್ಟಿದ್ದ ಕಾಗದವೇನಾದರೂ ಇದೆಯೇ ಅಂದೆ. ಅವರ ಮನೆಯವರು ಒಳಗಿಂದ ಒಂದು ರಟ್ಟಿನ ಫೈಲು ತಂದಿಟ್ಟರು. ಬಣ್ಣದ ಬ್ರೋಷರು, ಭರ್ತಿಯ ನೌಕರ ಕಳಿಸಿದ್ದ ಇಮೇಲುಗಳ ಪ್ರಿಂಟು, ಪದವೀಧರರಿಗೆ ಎಲ್ಲೆಲ್ಲಿ ಕೆಲಸ ಸಿಕ್ಕಿದೆ ಎಂಬ ಪಟ್ಟಿ. ಹಿರಿಯರು ಒಂದೊಂದೇ ಹಾಳೆಯನ್ನು ಬೆರಳಿಂದ ನೇರ ಮಾಡಿ ನನ್ನ ಕಡೆ ಸರಿಸುತ್ತಾ, ‘ತಪ್ಪು ನನ್ನದೇ ಕಣಮ್ಮಾ, ನೋಡದೆ ಸಹಿ ಹಾಕಿದೆ’ ಅಂದರು. ನಾನು ನನ್ನ ಪರ್ಸಿನಿಂದ ಆ ಕಾರ್ಡ್ ತೆಗೆದು ಅವರ ಮುಂದೆ ಇಟ್ಟೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿದರು. ವೃತ್ತದ ಒಳಗಿನ 22ರ ಶಾಯಿ ಈಗ ಮಾಸಿದೆ. ‘ಇವನಿಗೂ ಇಂಥದೇ ಒಂದು ಬರೆದು ಕೊಟ್ಟಿದ್ದರು’ ಅಂದರು.

ಸ್ವೀಟ್ ಪ್ರಕರಣದ ಬಾಗಿಲು ಅವರಿಗೆ ಮುಚ್ಚಿದೆ. ಆದರೆ ಸಾಮಾನ್ಯ ಅರ್ಜಿಯ ಹಕ್ಕು ಮುಚ್ಚಿಲ್ಲ, ಮತ್ತು ಅದು ಓದಿದ ಮಗನಿಗೆ ಮಾತ್ರ ಅಲ್ಲ, ಸಾಲ ಮಾಡಿದ ಅಪ್ಪನಿಗೂ ಇದೆ. ಇದು ಅವರಿಗೆ ಗೊತ್ತಿರಲಿಲ್ಲ, ನನಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹಾದಿ ಈಗ ಮೊದಲಿಗಿಂತ ಕಡಿದಾಗಿದೆ. 2025ರ ಜುಲೈನಲ್ಲಿ ಸಹಿಯಾದ ದೊಡ್ಡ ಕಾನೂನು, ಸಾಲಗಾರರಿಗೆ ಅನುಕೂಲವಾಗಿದ್ದ 2022ರ ನಿಯಮಗಳನ್ನು 2035ರವರೆಗೆ ಮುಂದಕ್ಕೆ ತಳ್ಳಿದೆ. 2020ರ ಜುಲೈ ನಂತರ ಸಾಲ ಮಾಡಿದವರಿಗೆ ಡೆವೋಸ್ ಕಾಲದ ನಿಯಮವಿದೆ: ಕಾಲೇಜು ಬಿಟ್ಟ ಮೂರು ವರ್ಷದೊಳಗೆ ಅರ್ಜಿ ಹಾಕಬೇಕು, ತನಗೆ ಹಣಕಾಸಿನ ನಷ್ಟ ಆಗಿದೆ ಎಂದು ಒಬ್ಬೊಬ್ಬರೇ ಸಾಬೀತು ಮಾಡಬೇಕು. ಇದೇ ನಿಯಮ ಬೇಡ ಅಂತ 2020ರಲ್ಲಿ ಸಂಸತ್ತಿನ ಎರಡೂ ಸದನಗಳು ನಿರ್ಣಯ ಮಾಡಿದ್ದವು, ಅಧ್ಯಕ್ಷ ಟ್ರಂಪ್ ವೀಟೊ ಹಾಕಿದರು. ಹಾಗಾಗಿ ಮಕ್ಕಳನ್ನು ಇಂಥ ಕಾಲೇಜಿಗೆ ಸೇರಿಸಿ ಈಗ ಪಶ್ಚಾತ್ತಾಪ ಪಡುತ್ತಿರುವ ಕನ್ನಡದ ಮನೆಗಳು ಅಮೆರಿಕದಲ್ಲಿ ಎಲ್ಲೇ ಇರಲಿ, ಬ್ರೋಷರು, ಇಮೇಲು, ಕಾರ್ಡು, ಯಾವ ಚೀಟಿಯನ್ನೂ ಎಸೆಯಬೇಡಿ. ಅರ್ಜಿ ಶಿಕ್ಷಣ ಇಲಾಖೆಯ ವೆಬ್‌ಸೈಟಿನಲ್ಲಿದೆ, ಅದಕ್ಕೆ ಒಂದು ಸೆಂಟೂ ಇಲ್ಲ. ಸಾಲ ಬಿಡಿಸಿಕೊಡುತ್ತೇವೆ, ಆರು ನೂರು ಡಾಲರ್ ಕೊಡಿ ಅಂತ ಫೋನ್ ಮಾಡುವವರಿದ್ದಾರೆ, ನನಗೇ ಮಾಡಿದ್ದಾರೆ. ಇಟ್ಟುಬಿಡಿ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮುಂದೆ ಈ ಸುದ್ದಿ ಬಂದಾಗ ‘ವಂಚಿತ ವಿದ್ಯಾರ್ಥಿಗಳಿಗೆ ಪರಿಹಾರ’ ಎಂದು ಬರೆಯಿರಿ. ‘ಮನ್ನಾ’ಗಿಂತ ಎರಡು ಪದ ಹೆಚ್ಚು, ಶೀರ್ಷಿಕೆಯಲ್ಲಿ ಜಾಗ ಸಾಲದು ಅನ್ನಬಹುದು. ದಯವಿಟ್ಟು ಜಾಗ ಮಾಡಿ.

ಹಿರಿಯರ ಅರ್ಜಿ ಅರ್ಧ ತುಂಬಿದೆ. ಈ ಶನಿವಾರ ಮಗನೂ ಬರುತ್ತಾನಂತೆ. ಆ ಭರ್ತಿಯ ನೌಕರ ಏನು ಹೇಳಿದ್ದ ಅಂತ ಅವನೇ ಕೂತು ಬರೆಯುತ್ತೇನೆ ಅಂದಿದ್ದಾನೆ.

ಇಂತಿ,
ನಿಮ್ಮ ಓದುಗಳು
ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ